ಮಿಲ್ಟ್ರಿಯಲ್ಲಿ ಇಬ್ಬರ ಖರ್ಚು

ಊಟ ಅವರದೇ ಅಂದರೆ ಒಬ್ಬನ ಊಟವೋ, ಇಬ್ಬರದೋ?

ರಾವಂದೂರಿನ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಚೆಲುವರಾಜು ಈ ಒಂದೇ ಪ್ರಶ್ನೆಯನ್ನು ಹಸುವಿನ ಹಾಗೆ ಮೆಲುಕು ಹಾಕುತ್ತಿದ್ದ. ಒಬ್ಬನದಾದರೆ ಸಂಬಳದಲ್ಲಿ ಉಳಿಯುವುದು ಒಂದು ರೀತಿ, ಇಬ್ಬರದಾದರೆ ಇನ್ನೊಂದು ರೀತಿ. ಮನೆಗೆ ಬಾಡಿಗೆ ಕೊಡಬೇಕೋ, ಅವರೇ ಕ್ವಾರ್ಟರ್ಸ್ ಕೊಡುತ್ತಾರೋ? ಕ್ವಾರ್ಟರ್ಸ್ ಅಂದರೆ ಉದ್ದನೆಯ ಕೋಣೆಯಲ್ಲಿ ಸಾಲು ಮಂಚಗಳೋ, ಅಥವಾ ಪುಟ್ಟ ಅಡುಗೆಮನೆ, ಅದಕ್ಕೊಂದು ಕಿಟಕಿ, ಕಿಟಕಿಯಲ್ಲಿ ಒಂದು ತುಳಸಿ ಕುಂಡವೋ? ಅಷ್ಟಕ್ಕೂ ಮರಳುಗಾಡಿನಲ್ಲಿ ತುಳಸಿ ಬದುಕುತ್ತದೆಯೇ?

ಇದಕ್ಕೆಲ್ಲ ಕಾರಣ ಹಿಂದಿನ ಸಂಜೆ ದುಬೈನಿಂದ ಬಂದ ಒಂದು ವಾಯ್ಸ್ ಮೆಸೇಜು. ಕಳಿಸಿದವನು ಸಾಲಿಗ್ರಾಮದ ಚಂದು, ಕೆ.ಆರ್. ನಗರದ ಕಾಲೇಜಿನಲ್ಲಿ ಚೆಲುವರಾಜುವಿನ ಬೆಂಚಿನವನು. ಡ್ರೈವರ್ ಕೆಲಸಕ್ಕೆಂದು ಹೋದವನು ಆಮೇಲೆ ಕೆಲಸ ಬದಲಾಯಿಸಿದ್ದ. ಯಾವ ಕೆಲಸ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಫೋಟೋಗಳಲ್ಲಿ ಮಾತ್ರ ಯಾವಾಗಲೂ ಬೇರೆಯವರ ಕಾರಿಗೆ ಒರಗಿ ನಿಂತಿರುತ್ತಿದ್ದ.

"ಲೇ ಚೆಲುವ, ನಮ್ಮ ಮಿಲ್ಟ್ರೀಲಿ ನನ್ ಜಾಗ ಖಾಲಿ ಆಯ್ತಾ ಐತೆ ಕಣ್ಲಾ. ನಾನು ಮ್ಯಾಲಕ್ಕೆ ಓಯ್ತಾ ಇವ್ನಿ. ನೀನು ಬಂದ್ಬುಡು. ಸಂಬಳ ಈಗಿನ್ದರ ನಾಕರಷ್ಟು, ಊಟ ಅವ್ರದೇ. ನಾಳೆ ಸಂಜೆಯೊಳಗೆ ಹೂಂ ಅನ್ನು, ಇಲ್ದಿದ್ರೆ ಒಬ್ಬ ಮಲಯಾಳಿ ಕಾಯ್ತಾ ಅವ್ನೆ."

ಮಾತಿನ ಹಿಂದೆ ಧಡ್ ಧಡ್ ಎಂಬ ಸದ್ದು ಕೇಳುತ್ತಿತ್ತು. ಪೆರೇಡು ಇರಬೇಕು ಎಂದುಕೊಂಡಿದ್ದ ಚೆಲುವರಾಜು.

ಸಾಲು ಕರಗಿ ಅವನ ಸರದಿ ಬಂತು. ಕಿಟಕಿಯ ಒಳಗೆ ರಮ್ಯ ಕೂತಿದ್ದಳು. ಡೇರಿ ಅಧ್ಯಕ್ಷ ಸಿದ್ದಯ್ಯನವರ ಮಗಳು. ಊರಿನ ಹಾಲಿನಲ್ಲಿ ನೀರೆಷ್ಟು ಎಂದು ಮುಖ ನೋಡದೆ ಹೇಳುವವಳು.

"ಡಿಗ್ರಿ ಕಮ್ಮಿ ಇದೆ," ಅಂದಳು, ಹಾಲಿಗೆ ಅದ್ದಿದ ಮಾಪಕ ನೋಡಿ.

"ಹೂಂ," ಅಂದ ಚೆಲುವರಾಜು.

ಮೂರು ವರ್ಷದಿಂದ ಅವರಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ. ಒಮ್ಮೊಮ್ಮೆ ಡಿಗ್ರಿ ಸರಿ ಇರುತ್ತಿತ್ತು, ಆಗಲೂ ಅವನು ಹೂಂ ಎನ್ನುತ್ತಿದ್ದ. ಆದರೆ ಎಂ.ಎ. ಓದಿದವನಾದ್ದರಿಂದ ಮಾತಿಗಿಂತ ಮಾತಿಲ್ಲದ ಜಾಗವನ್ನೇ ಹೆಚ್ಚು ಓದುತ್ತಿದ್ದ. ಊರಿನ ಗಂಡಸರನ್ನೆಲ್ಲ 'ಅಣ್ಣಾ' ಎಂದು ಕರೆಯುವ ರಮ್ಯ ಅವನೊಬ್ಬನನ್ನು ಮಾತ್ರ ಎಂದೂ ಹಾಗೆ ಕರೆದಿರಲಿಲ್ಲ. ನಿಜ ಹೇಳಬೇಕೆಂದರೆ ಅವಳು ಅವನನ್ನು ಏನೆಂದೂ ಕರೆದಿರಲಿಲ್ಲ. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವ ಸಂಬಳ ಇಟ್ಟುಕೊಂಡು ಸಿದ್ದಯ್ಯನವರ ಜಗಲಿ ಹತ್ತುವ ಹಾಗಿರಲಿಲ್ಲ. ಅದರ ನಾಲ್ಕರಷ್ಟಾದರೆ ಹತ್ತಬಹುದು. ಹತ್ತಿ, ಕೇಳಿ, ಅವರು ಒಪ್ಪಿ, ರಮ್ಯಳನ್ನು ಕರೆದುಕೊಂಡು ಹೋದ ಮೇಲೆ ಅಲ್ಲಿ ಇಬ್ಬರು ಬದುಕುವುದಕ್ಕೆ ಅದು ಸಾಲದೆ ಹೋದರೆ? ಅವನ ಬೆಳಗಿನ ಚಿಂತೆ ಅಲ್ಲಿಗೆ ಹೋಗಿ ಮುಟ್ಟಿತ್ತು.

ಅಂಗಡಿಗೆ ಬಂದವನು ಯೂರಿಯಾ ಚೀಲಗಳ ಹಿಂದೆ ಕೂತು ಮೆಸೇಜನ್ನು ಇನ್ನೊಮ್ಮೆ ಕೇಳೋಣ ಎಂದುಕೊಂಡ. ಅವನ ಫೋನು ಕಿವಿಗಿಟ್ಟರೆ ಕೇಳಿಸುತ್ತಿರಲಿಲ್ಲ, ಸ್ಪೀಕರಿನಲ್ಲಿ ಮಾತ್ರ ಕೂಗುತ್ತಿತ್ತು. ಚಂದುವಿನ ಗುಟ್ಟು ಚೀಲಗಳನ್ನು ದಾಟಿ, ಗಲ್ಲಾದಲ್ಲಿ ಕೂತಿದ್ದ ಮಾಲೀಕ ಕಂಠಪ್ಪನ ಕಿವಿಗೆ ನೇರವಾಗಿ ಹೋಯಿತು.

"ಏನ್ಲಾ ಅದು ಮಿಲ್ಟ್ರಿ?"

"ಏನಿಲ್ಲ ಅಣ್ಣ."

"ಏನಿಲ್ದೇ ಇದ್ರೆ ನಾಕರಷ್ಟು ಸಂಬಳ ಯಾವೋನ್ಲಾ ಕೊಟ್ಟಾನು? ಇನ್ನೊಂದ್ಸಲ ಆಕು."

ಚೆಲುವರಾಜು ಹಾಕಿದ. ಕಂಠಪ್ಪ ಕಣ್ಣು ಮುಚ್ಚಿ ಹರಿಕಥೆ ಕೇಳುವವನಂತೆ ಕೇಳಿದ.

"ಬೇರೆ ದೇಶದ ಮಿಲ್ಟ್ರೀಗೆ ನಮ್ಮೋರ್ನ ಸೇರಿಸ್ಕತಾರಾ ಅಣ್ಣ?" ಎಂದು ಚೆಲುವರಾಜು ತನ್ನ ಒಳಗಿದ್ದ ಇನ್ನೊಂದು ಅನುಮಾನವನ್ನು ಮೆಲ್ಲಗೆ ಹೊರಗಿಟ್ಟ.

"ನಮ್ಮ ಹೊಗೆಸೊಪ್ಪು ಕೀಳೋಕೆ ಬಿಹಾರದಿಂದ ಆಳು ಬರಕಿಲ್ವಾ? ಅಂಗೇಯ. ದುಡ್ಡಿದ್ದೋರು ಸೈನ್ಯಕ್ಕೂ ಕೂಲಿ ಆಳು ಇಕ್ಕತಾರೆ. ನೀನು ಓಗು, ಯೋಚ್ನೆ ಮಾಡ್ಬ್ಯಾಡ. ಬಿಲ್ಲು ಬರೆಯೋಕೆ ನಮ್ ಭಾಮೈದ ಮಂಟಯ್ಯನ್ನ ಕರ್ಸ್ಕತೀನಿ."

ಚೆಲುವರಾಜು ಹೋಗುತ್ತೇನೆ ಎಂದಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯುವ ಹೊತ್ತಿಗೆ ಕಂಠಪ್ಪ ಭಾವಮೈದುನನಿಗೆ ಫೋನು ಮಾಡಿ ಮುಗಿಸಿ, ಹವಾಲ್ದಾರ್ ಲಿಂಗಯ್ಯನವರಿಗೂ ಮಾಡಿಬಿಟ್ಟಿದ್ದ.

ಲಿಂಗಯ್ಯನವರು ಸೈನ್ಯದಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಅವರ ಮೀಸೆ ಇನ್ನೂ ಗಡಿಯಲ್ಲಿ ಡ್ಯೂಟಿ ಮಾಡುತ್ತಿತ್ತು. ಬಂದವರೇ ಚೆಲುವರಾಜುವನ್ನು ಹೋರಿ ಕೊಳ್ಳುವವರ ಹಾಗೆ ಸುತ್ತ ಬಂದು ನೋಡಿದರು. ಅಳತೆಯ ಟೇಪು ಸಿಗದೆ, ಚೀಲ ಹೊಲಿಯುವ ದಾರವನ್ನೇ ಎದೆಗೆ ಸುತ್ತಿದರು.

"ಉಸ್ರು ಎಳ್ಕೋ."

"ಎಳ್ಕೊಂಡಿದೀನಿ ಸಾರ್."

"ಎಲ್ಲಿಗ್ಲಾ?"

ಲಿಂಗಯ್ಯನವರು ಅವನ ಹೆಗಲಿಗೆ ಒಂದು ಯೂರಿಯಾ ಚೀಲ ಹೊರಿಸಿ ಕೆರೆ ಏರಿಯವರೆಗೆ ನಡೆಸಿಕೊಂಡು ಹೋಗಿ ವಾಪಸು ಕರೆತಂದರು. ದಾರಿಯಲ್ಲಿ ಸಿಕ್ಕ ಇಬ್ಬರು ರೈತರು ಗೊಬ್ಬರ ಮನೆಗೇ ತಂದುಕೊಡುತ್ತಾರೆಂದು ತಿಳಿದು ಸಂತೋಷದಿಂದ ಹಿಂದೆ ಬಂದರು. ಆಮೇಲೆ ಅವನನ್ನು ಕ್ಷೌರದ ಅಂಗಡಿಯಲ್ಲಿ ಕೂರಿಸಿ, "ಮಿಲ್ಟ್ರಿ ಕಟಿಂಗ್ ಹೊಡಿಯಪ್ಪ, ಹಿಡಿದ್ರೆ ಕೈಗೆ ಸಿಗಬಾರ್ದು" ಎಂದರು. ಕನ್ನಡಿಯಲ್ಲಿ ಚೆಲುವರಾಜು ನೋಡಿಕೊಂಡ. ರಾಗಿ ಕೊಯ್ದ ಹೊಲದ ನಡುವೆ ಎರಡು ಕಿವಿಗಳು ಕಾವಲುಗಾರರ ಹಾಗೆ ನಿಂತಿದ್ದವು.

ಅಷ್ಟು ಹೊತ್ತಿಗೆ ಅವನ ಅವ್ವ ಜಯಲಕ್ಷ್ಮಮ್ಮನಿಗೂ ಸುದ್ದಿ ಮುಟ್ಟಿ ಅವಳು ಗೊಬ್ಬರದ ಅಂಗಡಿಯ ಮುಂದೆ ಬಂದು ನಿಂತಿದ್ದಳು. ವಾಪಸು ಬಂದ ಮಗನ ತಲೆಯನ್ನು ನೋಡಿ, "ಯಾರು ಸತ್ರು ಅಂತ ಬೋಳ್ಸ್ಕಂಡೆ?" ಎಂದಳು. ಆಮೇಲೆ, "ಟೀವೀಲಿ ತೋರಿಸ್ತಾರಲ್ಲ, ಕೆಲ್ಸ ಅಂತ ಕರ್ಕೊಂಡೋಗಿ ಯುದ್ಧಕ್ಕೆ ಬುಡ್ತಾರಂತೆ. ಸರ್ಯಾಗಿ ಇಚಾರಿಸ್ಲಾ," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋದಳು.

ವಿಚಾರಿಸುವುದು ಸರಿಯೆನಿಸಿತು. ಅಲ್ಲಿ ಏನೇನು ಕೆಲಸ ಇರುತ್ತದೆ ಎಂದು ಚಂದುವಿಗೆ ಬರೆದು ಕಳಿಸಿದ. ಉತ್ತರ ಎಂದಿನಂತೆ ಊರೆಲ್ಲ ಕೇಳುವ ಹಾಗೆ ಬಂತು.

"ಕೋಳಿ ಕೂಗೋಕ್ ಮುಂಚೆ ಏಳ್ಬೇಕು. ಬೆಂಕಿ ಮುಂದೆ ನಿಂತ್ಕಬೇಕು. ರಕ್ತ ಕಂಡ್ರೆ ತಲೆ ಸುತ್ತಬಾರ್ದು. ಕೋಲು ಹಿಡಿಯೋ ಕೈಗೆ ಕಸುವಿರ್ಬೇಕು, ಅದೇ ಮುಖ್ಯ. ಮೊದ್ಲು ಮೊದ್ಲು ಕೈ ಸುಡ್ತದೆ, ಆಮೇಲೆ ಅಭ್ಯಾಸ ಆಯ್ತದೆ."

"ಕೋಲು ಅಂದ್ರೆ?" ಎಂದ ಕಂಠಪ್ಪ.

"ಬಂದೂಕು," ಎಂದರು ಲಿಂಗಯ್ಯನವರು ತಗ್ಗಿದ ದನಿಯಲ್ಲಿ. "ಫೋನಲ್ಲಿ ಅದರ ಹೆಸ್ರು ಹೇಳಂಗಿಲ್ಲ. ಹುಡುಗ ಚೆನ್ನಾಗಿ ಟ್ರೇನ್ ಆಗವ್ನೆ."

ಆಗಲೇ ಸಿದ್ದಯ್ಯನವರು ಅಂಗಡಿಗೆ ಬಂದದ್ದು. ಅವರು ಗೊಬ್ಬರ ಕೇಳಲಿಲ್ಲ. ಚೆಲುವರಾಜುವಿನ ತಲೆಯ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟು, ಅವನನ್ನು ಪಕ್ಕಕ್ಕೆ ಕರೆದರು.

"ನೀನು ದುಬೈ ಮಿಲ್ಟ್ರೀಗೆ ಓಯ್ತೀಯಂತೆ. ನಿಜವಾ?"

"ಅದು... ಇನ್ನೂ..."

"ನೆನ್ನೆಯಿಂದ ನಂಗೂ ಅದೇ ಯೋಚ್ನೆ ಕಣಪ್ಪ. ಸಾಲಿಗ್ರಾಮಕ್ಕೆ ಓಗಿ ಬಂದಾಗಿಂದ ನಿದ್ದೆ ಇಲ್ಲ. ಅಂಥ ಕೆಲ್ಸ ಮಾಡೋ ಹುಡುಗ್ನಿಗೆ ಹೆಣ್ಣು ಕೊಡಬೈದಾ? ಸಂಬಳ ಏನೋ ಚೆನ್ನಾಗೈತೆ ಅಂತಾರೆ. ಗಂಡ ಹೆಂಡ್ತಿ ಇಬ್ರೂ ಅಲ್ಲಿದ್ರೆ ಮನೆ ಬಾಡಿಗೆ, ಊಟ, ತಿಂಡಿ ಎಲ್ಲ ಕಳೆದು ಕೈಲಿ ಏನಾರಾ ಉಳೀತದಾ? ನೀನು ಓದ್ದೋನು, ಸರ್ಯಾಗಿ ಲೆಕ್ಕ ಆಕಿ ಏಳು. ಸಂಜೆ ಡೇರಿ ತವ ಸಿಗು."

ಸಿದ್ದಯ್ಯನವರು ಹೋದರು. ಚೆಲುವರಾಜು ಯೂರಿಯಾ ಚೀಲದ ಮೇಲೆ ಕೂತ. ಹೆಣ್ಣಿನ ತಂದೆ ತಾನಾಗಿ ಬಂದು, ತನ್ನನ್ನೇ ಪಕ್ಕಕ್ಕೆ ಕರೆದು, ತನ್ನ ಮನಸ್ಸಿನೊಳಗಿನ ಪ್ರಶ್ನೆಯನ್ನೇ ಪದ ಬಿಡದೆ ಕೇಳಿ ಹೋಗಿದ್ದರು. ಮಾತಿಲ್ಲದ ಜಾಗಗಳನ್ನು ಓದುವ ತನ್ನ ಪದ್ಧತಿಯ ಮೇಲೆ ಅವನಿಗೆ ಮೊದಲ ಸಲ ಗೌರವ ಬಂತು. ಫೋನು ತೆಗೆದು ಒಂದೇ ಸಾಲು ಬರೆದ: ಇಬ್ಬರಿಗೆ ಆಗುತ್ತದಾ?

"ಆರಾಮಾಗಿ ಆಯ್ತದೆ ಕಣ್ಲಾ," ಎಂದಿತು ಫೋನು. "ರೂಮು ಓನರ್ದೇ, ಬಾಡಿಗೆ ಇಲ್ಲ. ಇಬ್ರ ಊಟಾನೂ ಮಿಲ್ಟ್ರೀಲೇ. ಕರೆಂಟು, ನೀರು ಬುಟ್ರೆ ಖರ್ಚೇನೈತೆ? ಸಂಬಳದಲ್ಲಿ ಅರ್ಧ ಉಳೀತದೆ. ನಾನೇ ಕೂತು ಲೆಕ್ಕ ಆಕಿವ್ನಿ."

"ಓನರ್ರು ಅಂದ್ರೆ ಅಲ್ಲಿಯ ರಾಜ ಕಣಯ್ಯ," ಎಂದು ಲಿಂಗಯ್ಯನವರು ಕಂಠಪ್ಪನಿಗೆ ಬಿಡಿಸಿ ಹೇಳಿದರು.

ತನಗೋಸ್ಕರ ಚಂದು ಇಬ್ಬರ ಲೆಕ್ಕವನ್ನು ಮೊದಲೇ ಹಾಕಿಟ್ಟಿದ್ದಾನೆಂದು ಚೆಲುವರಾಜುವಿನ ಕಣ್ಣು ಒದ್ದೆಯಾಯಿತು. ತಾನು ಏನೂ ಹೇಳದೆ ಅವನಿಗೆ ಹೇಗೆ ತಿಳಿಯಿತು ಎಂದು ಕೇಳಿಕೊಳ್ಳಲಿಲ್ಲ.

ಸಂಜೆ ಹಾಲಿನ ಹೊತ್ತಿಗೆ ಡೇರಿಯ ಜಗಲಿಯ ಮೇಲೆ ಕುರ್ಚಿ ಹಾಕಿಸಿದ್ದರು. ಕಂಠಪ್ಪ ಒಂದು ಶಾಲು ತಂದಿದ್ದ. ಕ್ಯಾನು ಹಿಡಿದವರೆಲ್ಲ ಸಾಲು ಬಿಟ್ಟು ಸುತ್ತ ನಿಂತರು. ಕಿಟಕಿಯ ಒಳಗೆ ರಮ್ಯ ಕೂತಿದ್ದಳು. ಶಾಲು ಚೆಲುವರಾಜುವಿನ ಹೆಗಲಿಗೆ ಬಿತ್ತು. ಸಿದ್ದಯ್ಯನವರು ಎದುರಿಗೆ ಕೂತು, "ಏಳಪ್ಪ, ಲೆಕ್ಕ ಏನಾಯ್ತು?" ಎಂದರು.

ಅವತ್ತು ಚೆಲುವರಾಜು ಮಾತಾಡಿದ ಹಾಗೆ ಯಾವತ್ತೂ ಮಾತಾಡಿರಲಿಲ್ಲ. ಬಾಡಿಗೆ ಇಲ್ಲ ಎಂದ. ಇಬ್ಬರ ಊಟವೂ ಅವರದೇ ಎಂದ. ಅರ್ಧ ಸಂಬಳ ಉಳಿಯುತ್ತದೆ, ಇನ್ನರ್ಧದಲ್ಲಿ ಊರಿಗೆ ಬಂದು ಹೋಗುವ ಖರ್ಚೂ ಆಗುತ್ತದೆ, ಹೆಣ್ಣುಮಗಳಿಗೆ ಯಾವ ಕೊರತೆಯೂ ಇರುವುದಿಲ್ಲ, ಅಡುಗೆಮನೆಯ ಕಿಟಕಿಯಲ್ಲಿ ಒಂದು ತುಳಸಿ ಕುಂಡ ಸಹ ಇಟ್ಟುಕೊಳ್ಳಬಹುದು ಎಂದ. ಕಿಟಕಿಯೊಳಗೆ ರಮ್ಯ ಹಾಲು ಅಳೆಯುವುದನ್ನು ನಿಲ್ಲಿಸಿ ಕೇಳುತ್ತಿರುವುದು ಅವನಿಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

"ಅದೆಲ್ಲ ಸರಿ. ಜೀವಕ್ಕೆ?" ಎಂದರು ಸಿದ್ದಯ್ಯನವರು.

"ಅದನ್ನ ನಾನು ಕೇಳ್ತೀನಿ," ಎಂದು ಲಿಂಗಯ್ಯನವರು ಕಂಠಪ್ಪನ ದೊಡ್ಡ ಫೋನಿನಲ್ಲಿ ಚಂದುವಿಗೆ ವಿಡಿಯೋ ಕಾಲ್ ಮಾಡಿಸಿದರು. ಪರದೆಯ ತುಂಬ ಹೊಗೆ ಕಂಡಿತು. ಹೊಗೆಯ ನಡುವೆ ಬಿಳಿ ಟೋಪಿ ಹಾಕಿದ ಚಂದುವಿನ ಮುಖ ಮೂಡಿತು. ಲಿಂಗಯ್ಯನವರು ನೆಟ್ಟಗೆ ನಿಂತು ಕೈಯನ್ನು ಹಣೆಯ ಕಡೆಗೆ ಎತ್ತಿದರು.

"ಯಾವ ರೆಜಿಮೆಂಟಪ್ಪ?"

"ಯಾವ ಮಟನ್ ಅಂದ್ರಾ? ಬನ್ನೂರು ಕುರಿ ಇಲ್ಲಿ ಸಿಗಕಿಲ್ಲ ಸಾ. ಬೇರೆ ಮರೀನೇ ತರ್ಸ್ತಾರೆ. ಇರಿ, ತೋರಿಸ್ತೀನಿ."

ಫೋನು ತಿರುಗಿತು. ಒಲೆಯ ಮೇಲೆ ಹಂಡೆಯಂಥ ಪಾತ್ರೆ. ಒಬ್ಬ ಅದರೊಳಗೆ ಮುದ್ದೆ ಕೋಲು ಹಾಕಿ ಮೈಯೆಲ್ಲ ಬೆವರಿ ಹಿಟ್ಟು ತಿರುವುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬ ಧಡ್ ಧಡ್ ಎಂದು ಮೂಳೆ ಕೊಚ್ಚುತ್ತಿದ್ದ. ಗೋಡೆಯ ಮೇಲೆ ದಪ್ಪ ಕನ್ನಡದಲ್ಲಿ 'ಮಿಲ್ಟ್ರಿ ಹೋಟೆಲ್' ಎಂದೂ, ಕೆಳಗೆ 'ನಾಟಿ ಕೋಳಿ, ಬೋಟಿ, ತಲೆಮಾಂಸ' ಎಂದೂ ಬರೆದಿತ್ತು.

ಲಿಂಗಯ್ಯನವರ ಕೈ ಹಣೆ ತಲುಪದೆ ಅರ್ಧದಲ್ಲಿ ನಿಂತು, ಕಿವಿ ಕೆರೆದುಕೊಂಡು ಕೆಳಗಿಳಿಯಿತು.

ಮೊದಲು ನಕ್ಕವರು ಸಿದ್ದಯ್ಯನವರು. ಹೊರೆ ಇಳಿಸಿದವರ ಹಾಗೆ ಉಸಿರು ಬಿಟ್ಟು, ಫೋನಿನ ಮುಂದೆ ಮುಖ ಚಾಚಿ, "ನಾನಪ್ಪ, ರಾವಂದೂರು ಸಿದ್ದಯ್ಯ," ಎಂದರು.

ಚಂದು ತಟ್ಟನೆ ಟೋಪಿ ತೆಗೆದ. "ನಮಸ್ಕಾರ ಮಾವ," ಎಂದ.

ಆ 'ಮಾವ' ಎಂಬ ಮಾತು ಚೆಲುವರಾಜುವಿನ ಬೋಳು ತಲೆಯ ಮೇಲೆ ತಣ್ಣೀರಿನ ಹಾಗೆ ಬಿತ್ತು.

ಸಿದ್ದಯ್ಯನವರು ಅವನ ಕಡೆ ತಿರುಗಿದರು. "ಮೊನ್ನೆ ಈ ಚಂದು ಮನೆಯೋರು ಬಂದು ರಮ್ಯನ್ನ ಕೇಳಿದ್ರು ಕಣಪ್ಪ. ಹುಡುಗ್ನಿಗೆ ಏನು ಕೆಲ್ಸ ಅಂದ್ರೆ ಮಿಲ್ಟ್ರಿ ಅಂದ್ರು. ನಂಗೆ ಎದೆ ಝಲ್ ಅಂತು. ನೆನ್ನೆ ಬ್ಯಾಡ ಅಂತ ಏಳೋಕೇ ಸಾಲಿಗ್ರಾಮಕ್ಕೆ ಓದೆ, ಬಾಯಿ ಬರ್ದೆ ಬಂದೆ. ನೀನೂ ಅಲ್ಲಿಗೇ ಓಯ್ತೀಯ ಅಂತ ಬೆಳಿಗ್ಗೆ ಗೊತ್ತಾಯ್ತು. ಇವ್ನು ಬುದ್ಧಿವಂತ, ಸರ್ಯಾಗಿ ಇಚಾರಿಸ್ತಾನೆ ಅಂದ್ಕಂಡೆ. ಓಟ್ಲು ಅಂದ್ಮೇಲೆ ಇನ್ನೇನು ಭಯ? ಇಬ್ರ ಖರ್ಚೂ ನೀನೇ ತೂಗಿ ಕೊಟ್ಟೆ. ಮಗಳನ್ನ ಕೊಡ್ತೀನಿ."

ಕಂಠಪ್ಪ ಸಮಯ ತಿಳಿದವನು. ಶಾಲನ್ನು ಚೆಲುವರಾಜುವಿನ ಹೆಗಲಿಂದ ಮೆತ್ತಗೆ ಎತ್ತಿ, ಒಮ್ಮೆ ಕೊಡವಿ, ಸಿದ್ದಯ್ಯನವರಿಗೆ ಹೊದಿಸಿದ.

"ಲೇ ಚೆಲುವ," ಎಂದು ಫೋನು ಕರೆಯಿತು. "ನಾನು ಕ್ಯಾಷ್ ಕೌಂಟ್ರಿಗೆ ಓಯ್ತೀನಿ. ಮುದ್ದೆ ತಿರುವೋ ಜಾಗ ನಿಂದು. ನನ್ ಕೈ ಕೆಳಗೇ ಇರ್ತೀಯ, ಯೋಚ್ನೆ ಬ್ಯಾಡ. ಹೂಂ ಅಂತೀಯೋ, ಮಲಯಾಳಿನ ಕರೀಲೋ?"

ಚೆಲುವರಾಜು ಸುತ್ತ ನೋಡಿದ. ಕಂಠಪ್ಪನ ಹಿಂದೆ ಅವನ ಭಾವಮೈದುನ ಮಂಟಯ್ಯ ಆಗಲೇ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ನಿಂತಿದ್ದ.

"ಹೂಂ," ಎಂದ.

ಜನ ಮತ್ತೆ ಸಾಲಾದರು. ಅವನ ಸರದಿ ಬಂದಾಗ ಕ್ಯಾನನ್ನು ಕಿಟಕಿಯೊಳಗೆ ಇಟ್ಟ. ರಮ್ಯ ಹಾಲನ್ನು ನೋಡಿ, "ಡಿಗ್ರಿ ಸರಿ ಇದೆ," ಎಂದಳು. ಅವನು ಹೂಂ ಎಂದು ಕ್ಯಾನು ಎತ್ತಿಕೊಳ್ಳುವಷ್ಟರಲ್ಲಿ, ಅವಳು ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು.

"ಅಲ್ಲಿ ನಿಜವಾಗ್ಲೂ ತುಳಸಿ ಬದುಕ್ತದಾ ಅಣ್ಣ?"

ಚೆಲುವರಾಜು ಕ್ಯಾನಿನ ಮುಚ್ಚಳ ಒತ್ತಿ ಹಾಕಿದ.

"ದಿನಾ ನೀರು ಹಾಕಿದ್ರೆ ಬದುಕ್ತದೆ," ಎಂದ.

ರಮ್ಯಳನ್ನು ಮದುವೆಯಾಗಬೇಕೆಂದು ತನಗೆ ಆಸೆಯಿತ್ತು ಎಂಬುದನ್ನು ಅವನು ರಮ್ಯಳಿಗೂ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ.