ನ್ಯಾಂಡ್ರೊಲೋನ್ ತಂದಿಟ್ಟ ನಾಚಿಕೆ

ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಮಾನವನ್ನು ಬೇರೆ ಯಾವ ಔಷಧವೂ ಕಳೆದಿಲ್ಲ. ನ್ಯಾಂಡ್ರೊಲೋನ್ ಡೆಕನೋಯೇಟ್ ಎಂಬ, ಗಂಡು ಹಾರ್ಮೋನಿನಂತೆ ಮೈಕಟ್ಟು ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ಮಾತ್ರ ಬೆನ್ನು ಬಿಡುವುದಿಲ್ಲ.

೧

ಪ್ರಿನ್ಸಿಪಾಲರು ನನ್ನ ಪಾಠ ನೋಡಲು ಹಿಂದಿನ ಬೆಂಚಿನಲ್ಲಿ ಕೂತಿದ್ದರು. "ಬರೀ ನ್ಯಾಂಡ್ರೊಲೋನ್ ಕೊಟ್ಟರೆ ದೇಹ ಬೇಗ ಹೊರಹಾಕುತ್ತದೆ. ಅದಕ್ಕೇ ಡೆಕನೋಯೇಟ್ ಎಂಬ ಬಾಲ ಅಂಟಿಸಿ ಎಸ್ಟರ್ ಮಾಡುತ್ತಾರೆ. ಶೇಂಗಾ ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಚುಚ್ಚಿದರೆ ನಿಧಾನವಾಗಿ ರಕ್ತಕ್ಕಿಳಿಯುತ್ತದೆ. ಅಲ್ಲಿ ಬಾಲ ತುಂಡಾದ ಮೇಲೆಯೇ ಕೆಲಸ ಶುರು," ಎಂದೆ.

ಜಿಮ್ಮಿಗೆ ಹೋಗುವ ವಿದ್ಯಾರ್ಥಿ ಎದ್ದ. "ಮೇಡಂ, ಎಣ್ಣೆ ಅದೇ ಆದ್ರೆ ವಡಾಪಾವ್ ಸಾಲದಾ?"

ಪ್ರಿನ್ಸಿಪಾಲರು ಹೊಟ್ಟೆ ಸವರಿಕೊಂಡರು. "ಸಾಲೋದಿಲ್ಲಪ್ಪ. ನನ್ನನ್ನೇ ನೋಡು."

೨

ಭಾಂಡುಪ್‌ಗೆ ಮರಳುವ ಲೋಕಲ್ ರೈಲಿನಲ್ಲಿ, ಈ ಮರಾಠಿ ಊರಲ್ಲಿ ಕನ್ನಡ ಯಾರಿಗೆ ಗೊತ್ತು ಎಂಬ ಧೈರ್ಯದಲ್ಲಿ ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದೆ: "ಹೊರಗಿನಿಂದ ಹಾರ್ಮೋನು ಬಂದರೆ ಗಂಡಸರ ವೃಷಣ ಕೆಲಸ ಬಿಟ್ಟು ಸಣ್ಣದಾಗುತ್ತೆ ಕಣೇ!"

ಎದುರಿಗಿದ್ದ ಬುರ್ಖಾದ ಹೆಂಗಸು ಮುಂದೆ ಬಾಗಿದಳು. "ಅಕ್ಕಾರ, ನಮ್ಮ ಮನಿಯವ್ರೂ ಜಿಮ್ಮಿನಾಗ ಸೂಜಿ ಹಾಕಿಸ್ಕೊಳ್ತಾರ್ರಿ. ಈಗ್ಲೇ ಇಳೀಬ್ಯಾಡ್ರಿ, ಎಷ್ಟು ಸಣ್ಣದಾಗ್ತದ ಹೇಳಿ ಹೋಗ್ರಿ."

ನನ್ನ ಸ್ಟೇಷನ್ ಅಲ್ಲದಿದ್ದರೂ ಇಳಿದುಬಿಟ್ಟೆ.

೩

ಮೂಳೆ ಸವೆದ ಅತ್ತೆಗೆ ಡಾಕ್ಟರು ಅದೇ ಇಂಜೆಕ್ಷನ್ ಕೊಟ್ಟರು. ಹೆಂಗಸರಿಗೆ ಅದರಿಂದ ಸ್ವರ ಗಡಸಾಗುವಂಥ ಗಂಡಸಿನ ಲಕ್ಷಣ ಬರಬಹುದೆಂದು ಕ್ಲಾಸಿನಲ್ಲಿ ಹೇಳುವವಳೇ ನಾನು. ಆದರೂ ಅತ್ತೆಯ ಸ್ವರ ಒಡೆದಾಗ ನೆಗಡಿ ಎಂದು ಶುಂಠಿ ಕಷಾಯ ಕುಡಿಸಿದೆ. ಡಾಕ್ಟರು ಇಂಜೆಕ್ಷನ್ ನಿಲ್ಲಿಸಿದರು, ಸ್ವರ ಮಾತ್ರ ವಾಪಸ್ ಬರಲಿಲ್ಲ. ಅತ್ತೆ ಭಜನೆಗೆ ಹೋಗುವುದನ್ನೇ ಬಿಟ್ಟರು.

ಗಂಡ ಕೆಲಸದ ಮೇಲೆ ನಾಸಿಕ್‌ಗೆ ಹೋಗಿದ್ದಾಗ ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಬಾಗಿಲು ತಟ್ಟಿದರು. ಉಡುಪಿ ಕಡೆಯ ಹೋಟೆಲಿನವರು, ಮರ್ಯಾದಸ್ಥರು.

"ತಪ್ಪು ತಿಳೀಬೇಡಿ ಮೇಡಂ. ಯಜಮಾನ್ರು ಊರಲ್ಲಿಲ್ಲ. ನಿಮ್ಮ ಮನೆಯಲ್ಲಿ ಯಾರೋ ಗಂಡಸಿನ ಸ್ವರ ಕೇಳ್ತದಂತೆ. ಕಂಪ್ಲೇಂಟ್ ಬಂದಿದೆ."

ನಿಜ ಹೇಳಿದರೆ ಅತ್ತೆಯ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನದು.

ಅಷ್ಟರಲ್ಲಿ ಒಳಗಿನಿಂದ ಗಡಸು ಸ್ವರ: "ಯಾರದು?"

ಸೆಕ್ರೆಟರಿ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ.

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲೇ ನಿಂತರು. "ಆ ಗಂಡಸು ನಾನೇ ಮಾರಾಯ್ರೆ. ನನ್ನ ಮಗ ಊರಲ್ಲಿದ್ದಾಗಲೂ ಬಾಯಿ ಬಿಡುವವನಲ್ಲ. ಈ ಮನೆಯಲ್ಲಿ ಗಂಡಸಿನ ಸ್ವರ ಕೇಳ್ತಿರೋದೇ ಈಗ!"