ಸೊಪ್ಪಿನ ಕರಾರು

ತಪ್ಪೆಲ್ಲ ಶಾಲೆಗೆ ಬಂದಿದ್ದ ಡಾಕ್ಟರದು. ಒಂದನೇ ಕ್ಲಾಸಿನ ಚಂದನಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ‘ರಕ್ತ ಕಡಿಮೆ, ದಿನವೂ ಸೊಪ್ಪು ತಿನ್ನಿಸಿ’ ಎಂದು ಚೀಟಿ ಬರೆದು ಹೋದರು. ಬರೆಯುವುದು ಅವರಿಗೆ ಸುಲಭ. ತಿನ್ನಿಸುವುದು ಅಪ್ಪ ಕಾಂತೇಶನ ಪಾಲಿಗೆ ಬಂತು.

ಕಾಂತೇಶ ಕೊಟ್ಟೂರಿನ ಗೊಬ್ಬರದಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದ. ಎಲೆ ಹಳದಿಯಾದರೆ ಏನು ಹಾಕಬೇಕು, ತುದಿ ಒಣಗಿದರೆ ಏನು ಸಿಂಪಡಿಸಬೇಕು ಎಂದು ರೈತರಿಗೆ ನಿದ್ದೆಗಣ್ಣಿನಲ್ಲೂ ಹೇಳಬಲ್ಲವ. ಮನೆಯಲ್ಲಿದ್ದದ್ದು ಒಂದೇ ಒಂದು ಪೈರು. ಅದರ ಬಾಯಿಗೆ ಒಂದೆಳೆ ಮೆಂತ್ಯೆ ಸೊಪ್ಪು ಇಳಿಸಲು ಅವನಿಂದ ಆಗಿರಲಿಲ್ಲ. ರೊಟ್ಟಿಯೊಳಗೆ ಬಚ್ಚಿಟ್ಟರೆ ಚಂದನಾ ಪೊಲೀಸರಂತೆ ಶೋಧಿಸಿ, ಒಂದೊಂದೇ ಎಲೆಯನ್ನು ಹೊರಗೆಳೆದು ತಟ್ಟೆಯ ಅಂಚಿಗೆ ಸಾಲಾಗಿ ಕೂರಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಕಾಂತೇಶ ರೇಗಿದ. “ಪ್ಯಾಕೀಟಿಂದು ತಿಂದೂ ತಿಂದೂ ಹಿಂಗಾಗೀದಿ. ಬರೇ ಎಣ್ಣಿಯಾಗ ಕರದಿದ್ದು ತಿಂದ್ರ ರಕ್ತ ಎಲ್ಲಿಂದ ಬರ್ತೈತಿ?”

ಮಗಳು ಅವನ ಕೈಯನ್ನೇ ನೋಡಿದಳು. ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಬಜ್ಜಿ. ಮುಂದೆ ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿಯ ಗುಡ್ಡ, ಗುಡ್ಡದ ನೆರಳಲ್ಲಿ ಇನ್ನೂ ಮೂರು ಮಿರ್ಚಿ.

“ನೀನು ಬಿಡು, ನಾನೂ ಬಿಡ್ತೀನಿ,” ಎಂದಳು ಚಂದನಾ. “ಇವತ್ತೊಂದಿನ ಮಲಗೋತನ ಕರದಿದ್ದು ಮುಟ್ಟಬ್ಯಾಡ. ನಾಳಿಂದ ದಿನಾ ಸೊಪ್ಪು ತಿಂತೀನಿ. ನೀನೊಂದು ಮಿರ್ಚಿ ತಿಂದ್ರ ಮಾತ್ರ, ನನಗ ಮತ್ಯಾವತ್ತೂ ಸೊಪ್ಪು ಅನ್ನಂಗಿಲ್ಲ.”

ಒಲೆಯ ಮುಂದಿದ್ದ ಹೆಂಡತಿ ಪುಷ್ಪಲತಾ ಕಿಸಕ್ಕನೆ ನಕ್ಕಳು. “ಒಂದಿನಾನಾ? ನಿಮ್ಮಪ್ಪ ಒಂದು ತಾಸು ಇರ್ಲಿ, ನೋಡಾಣ.”

ಆ ನಗೆ ಕಾಂತೇಶನಿಗೆ ಮೆಣಸಿನಕಾಯಿಗಿಂತ ಖಾರವಾಯಿತು. ಕಚ್ಚಿದ್ದನ್ನು ತಟ್ಟೆಗೆ ಹಾಕಿ, ದೇವರ ಜಗಲಿ ಮುಂದೆ ನಿಂತು, “ಆಣಿ ಮಾಡೀನಿ, ಮುಟ್ಟಂಗಿಲ್ಲ” ಎಂದುಬಿಟ್ಟ. ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಪಕ್ಕದ ಮನೆಯ ಅಂಜಿನಕ್ಕ, ಯಾರೂ ಕರೆಯದಿದ್ದರೂ ಸಾಕ್ಷಿಯಾದಳು. ಹೆಪ್ಪು ಮನೆ ಮುಟ್ಟುವ ಮೊದಲೇ ಸುದ್ದಿ ಓಣಿ ಮುಟ್ಟಿತು.

ಸಿಟ್ಟಿನ ಭರದಲ್ಲಿ ಕಾಂತೇಶ ಒಂದನ್ನು ಮರೆತಿದ್ದ. ಅವತ್ತೇ ತಮ್ಮ ಅರುಣ್ ಕುಮಾರನಿಗೆ ಹೆಣ್ಣು ನೋಡಲು ಹರಪನಹಳ್ಳಿಗೆ ಹೋಗಬೇಕಿತ್ತು. ಅರುಣನಿಗೆ ಮೂವತ್ಮೂರು, ಸ್ವಂತದ್ದೊಂದು ಮೊಬೈಲ್ ರಿಪೇರಿ ಅಂಗಡಿ. ಹದಿನಾಲ್ಕು ಮನೆಯಿಂದ ‘ಆಮ್ಯಾಲೆ ತಿಳಿಸ್ತೀವ್ರಿ’ ಎನ್ನಿಸಿಕೊಂಡು ಬಂದಿದ್ದ. ಇದು ಹದಿನೈದನೆಯದು, ಅಂಜಿನಕ್ಕ ಹುಡುಕಿದ್ದು. ಹುಡುಗಿ ಸುಮಲತಾ ಆಸ್ಪತ್ರೆಯಲ್ಲಿ ನರ್ಸು. ಅಣ್ಣತಮ್ಮಂದಿರ ಅಪ್ಪ ತೀರಿಕೊಂಡ ಮೇಲೆ ಈ ಮನೆಗೆ ಕಾಂತೇಶನೇ ಹಿರಿಯ.

ಐದು ಜನವೇ ಹೋಗಬೇಕೆಂದು ಅವ್ವ ತಿಪ್ಪೇರುದ್ರಮ್ಮ ಹಟ ಹಿಡಿದಳು. ಅವ್ವ, ಅಂಜಿನಕ್ಕ, ಇಬ್ಬರು ಗಂಡುಮಕ್ಕಳು. ಐದನೆಯವಳಾಗಿ ಪುಷ್ಪಲತಾ ಸೀರೆ ಉಡುವಷ್ಟರಲ್ಲಿ ಚಂದನಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ನಾನು ಬರ್ತೀನಿ. ಅಪ್ಪನ್ನ ಕಾಯಬೇಕು.” ಪುಷ್ಪಲತಾ ಮನೆಯಲ್ಲೇ ಉಳಿದಳು.

ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಬಂಡಿಯ ಅಜ್ಜಯ್ಯ ರೂಢಿಯಂತೆ ಕೂಗಿದ, “ಕಾಂತೇಶಣ್ಣಾ, ಬರ್ರಿ, ಬಿಸಿಬಿಸಿ ಅದಾವ!” ಆಮೇಲೆ ಚಂದನಾಳನ್ನು ನೋಡಿ ಕೈಯಲ್ಲಿದ್ದ ಜಾಲರಿ ಸೌಟಿನಿಂದಲೇ ಬಾಯಿ ಮುಚ್ಚಿಕೊಂಡ. “ಅಲಲಾ, ಇವತ್ತು ನಿಮಗ ಕೊಡಂಗಿಲ್ಲಂತಲ್ರಿ!” ಬಂಡಿಯ ಸುತ್ತ ನಿಂತವರೆಲ್ಲ ಕಾಂತೇಶನನ್ನು ಆಸ್ಪತ್ರೆಯಿಂದ ಈಗಷ್ಟೇ ಬಂದ ರೋಗಿಯಂತೆ ನೋಡಿ, ಅವನೆದುರೇ ಕಚ್ಚಿ ಕಚ್ಚಿ ತಿಂದರು.

ಬಸ್ಸಿನಲ್ಲಿ ಅಂಜಿನಕ್ಕ ಹುಡುಗಿಯ ಮನೆತನದ ರೀತಿ ರಿವಾಜು ಒಪ್ಪಿಸಿದಳು. “ಆ ಮನ್ಯಾಗ ಒಂದು ರೂಢಿ ಐತಿ ನೋಡಪ. ಗಂಡಿನ ಕಡಿ ಹಿರೇ ಗಂಡಸು ನಾಷ್ಟಾಕ್ಕ ಕೈ ಹಾಕಿದ್ರ ಹುಡುಗಿ ಒಪ್ಪಿಗಿ ಅಂತ. ಹಾಕ್ಲಿಲ್ಲಂದ್ರ ಬ್ಯಾಡ ಅಂತ. ಬಾಯಿಬಿಟ್ಟು ಹೇಳಿ ಮನಸು ನೋಯಿಸೋದು ಅವರಿಗಾಗದು.”

“ಉಪ್ಪಿಟ್ಟು ಮಾಡಿರ್ತಾರ ಬಿಡು,” ಎಂದು ಕಾಂತೇಶ ತನಗೆ ತಾನೇ ಧೈರ್ಯ ಹೇಳಿಕೊಂಡ.

ಉಪ್ಪಿಟ್ಟು ಮಾಡಿರಲಿಲ್ಲ. ಹುಡುಗಿಯ ಅಪ್ಪ ಕರಿಸಿದ್ದಪ್ಪ ಮೆಕ್ಕೆಜೋಳದ ವ್ಯಾಪಾರಿ, ಚೀಲ ನಿಲ್ಲಿಸಿದಂಥ ಆಳು. ಅವನ ತಂಗಿ ಗಾದೆಮ್ಮ ಸ್ಟೀಲಿನ ತಟ್ಟೆಗಳನ್ನು ಸಾಲಾಗಿ ತಂದಿಟ್ಟಳು. ಒಗ್ಗರಣೆ ಮಂಡಕ್ಕಿ, ಮೇಲೆ ನಾಲ್ಕು ನಾಲ್ಕು ಮಿರ್ಚಿ, ಹೊಂಬಣ್ಣ, ಇನ್ನೂ ಎಣ್ಣೆ ಗುಳುಗುಳು ಅನ್ನುತ್ತಿತ್ತು.

“ತಗಳ್ರಿ, ದೊಡ್ಡೋರು ನೀವು ಮೊದ್ಲು ಕೈ ಹಾಕ್ರಿ,” ಎಂದ ಕರಿಸಿದ್ದಪ್ಪ.

ಕಾಂತೇಶನ ತೊಡೆಗೆ ತೊಡೆ ತಾಗಿಸಿ ಕೂತಿದ್ದ ಚಂದನಾ ರೆಪ್ಪೆ ಬಡಿಯದೆ ಅವನ ಬೆರಳನ್ನು ನೋಡಿದಳು. ಅವನು ಮಿರ್ಚಿ ಬಿಟ್ಟು ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡ.

“ಅಪ್ಪಾ, ಅದರಾಗ ಶೇಂಗಾ ಕರದು ಹಾಕ್ಯಾರ.”

ಮಂಡಕ್ಕಿ ತಟ್ಟೆಗೆ ವಾಪಸು ಬಿತ್ತು. ಹಾಕಿದ ಕೈಯನ್ನು ಹಿಂದೆಗೆದುಕೊಂಡ ಗಂಡಸನ್ನು ಆ ಮನೆ ಇದುವರೆಗೆ ಕಂಡಿರಲಿಲ್ಲ. ಕರಿಸಿದ್ದಪ್ಪನ ಮೀಸೆ ಕೆಳಗಿಳಿಯಿತು.

“ಸಕ್ಕರಿ ಕಾಯಿಲೆ ಐತೇನ್ರಿ?” ಗಾದೆಮ್ಮ ಮೆಲ್ಲಗೆ ವಿಚಾರಣೆ ಶುರು ಮಾಡಿದಳು.

“ಇಲ್ರಿ ಅಮ್ಮ.”

“ಹೊಟ್ಟಿಯಾಗ ಹುಣ್ಣಾ? ನಿಮಗೊಬ್ರಿಗೋ, ಮನಿತನಕ್ಕೆಲ್ಲಾನೋ?”

“ನಮ್ಮ ಮನಿತನದಾಗ ಕಲ್ಲು ಕೊಟ್ರ ಕರಗಿಸ್ತಾರವ್ವಾ!” ತಿಪ್ಪೇರುದ್ರಮ್ಮ ಸೆಟೆದು ಕೂತಳು.

ಕಾಂತೇಶ ಬೆವರು ಒರೆಸಿಕೊಂಡು, “ಹಂಗಲ್ರಿ, ಮಗಳು ಸೊಪ್ಪು ತಿನ್ಲಿ ಅಂತ ಅಕಿಗೆ ಮಾತು ಕೊಟ್ಟೀನಿ” ಎಂದ.

“ಕೂಸಿನ ಮಾತಿಗೆ ಗಂಡಸು ಉಪಾಸನಾ?” ಗಾದೆಮ್ಮ ಮುಖ ತಿರುವಿದಳು. “ಒಲ್ಲೆ ಅನ್ನಾಕ ಬ್ಯಾರೆ ನೆಪ ಸಿಗಲಿಲ್ಲೇನು?”

ಅರುಣ್ ಕುಮಾರ ಅಣ್ಣನ ಕಾಲನ್ನು ಚಾಪೆಯ ಮೇಲೇ ತುಳಿದ. ಮುಖ ಹದಿನಾಲ್ಕು ‘ಆಮ್ಯಾಲೆ ತಿಳಿಸ್ತೀವಿ’ಗಳನ್ನು ಒಟ್ಟಿಗೆ ನೆನೆಸಿಕೊಂಡಂತಿತ್ತು. “ಲೇ ಅಣ್ಣಾ, ನುಂಗಲೇ. ನಿನ್ನ ಕಾಲಿಗೆ ಬೀಳ್ತೀನಿ.”

ಕರಿಸಿದ್ದಪ್ಪ ಟವೆಲ್ ಕೊಡವಿ ಏಳುವುದರಲ್ಲಿದ್ದ. ಅಷ್ಟರಲ್ಲಿ ಸುಮಲತಾ ನೀರಿನ ತಂಬಿಗೆ ತಂದಿಟ್ಟು, ಚಂದನಾಳ ಕೆನ್ನೆ ಮುಟ್ಟಿ, “ಬಾರವ್ವ, ಒಳಗ ಬೆಕ್ಕಿನ ಮರಿ ಅದಾವ” ಎಂದು ಕರೆದುಕೊಂಡು ಹೋದಳು.

ಕಾಂತೇಶನಿಗೆ ಜೈಲಿನ ಬಾಗಿಲು ತೆರೆದಂತಾಯಿತು. ಕಾವಲುಗಾರ್ತಿ ಇಲ್ಲ. ನೋಡದಿದ್ದರೆ ತಿಂದಂತೆ ಹೇಗಾದೀತು? ತಮ್ಮನ ಬಾಳು, ಮನೆತನದ ಮರ್ಯಾದೆ, ಮೇಲಾಗಿ ಬೆಳಿಗ್ಗೆಯ ಅರ್ಧ ಮಿರ್ಚಿ ಬಿಟ್ಟರೆ ಖಾಲಿ ಹೊಟ್ಟೆ. ಒಂದು ಮಿರ್ಚಿ ಎತ್ತಿ ಇಡಿಯಾಗಿ ಬಾಯಿಗೆ ತಳ್ಳಿದ.

“ಹಾಂ! ಹಿಂಗಿರಬೇಕು!” ಕರಿಸಿದ್ದಪ್ಪನ ಮೀಸೆ ಮೇಲೆದ್ದಿತು. ಗಾದೆಮ್ಮ ಓಡಿಬಂದು ಇನ್ನೆರಡು ಹಾಕಿದಳು, ಬೇಡ ಎನ್ನುವಷ್ಟರಲ್ಲಿ ಮತ್ತೆರಡು. ಈಗ ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಏಳನೆಯದಕ್ಕೆ ಕಾಂತೇಶನ ಮೂಗು, ಕಣ್ಣು ಎರಡೂ ಹರಿಯತೊಡಗಿದವು. “ಸಂಬಂಧ ಕೂಡಿದ ಖುಷಿಗೆ ಅಳಾಕ ಹತ್ಯಾರ ನೋಡು, ಪಾಪ,” ಎಂದಳು ಗಾದೆಮ್ಮ.

ಮಾತು ಲಗ್ನಕ್ಕೆ ಬಂತು. ಕರಿಸಿದ್ದಪ್ಪ ಗಂಟಲು ಸರಿಮಾಡಿಕೊಂಡ. “ನಮ್ಮ ಹುಡುಗಿದು ಒಂದೇ ಶರತ್ತು. ಲಗ್ನ ಆದಮ್ಯಾಲೂ ಕೆಲಸ ಬಿಡಿಸಬಾರದು. ನೀವು ಹಿರೇರು ಮಾತು ಕೊಡಬೇಕು.”

ಕಾಂತೇಶ ಎಂಟನೆಯದನ್ನು ನುಂಗಿ, ಎಣ್ಣೆಗೈಯನ್ನು ಎದೆಗಿಟ್ಟುಕೊಂಡ. “ಕೊಟ್ಟೀನ್ರಿ. ನಮ್ಮ ಮನಿತನದಾಗ ಮಾತು ಅಂದ್ರ ಮಾತು.”

“ಕೂಸಿಗೆ ಕೊಟ್ಟಂಗೇನ್ರಿ?”

ಎಲ್ಲರೂ ತಿರುಗಿದರು. ಅಡಿಗೆಮನೆಯ ಬಾಗಿಲಲ್ಲಿ ಸುಮಲತಾ ನಿಂತಿದ್ದಳು. ಅವಳ ಸೊಂಟದ ಪಕ್ಕದಿಂದ ಚಂದನಾಳ ಎರಡು ಕಣ್ಣು ಇಣುಕುತ್ತಿದ್ದವು.

“ನೀವು ಕೈ ಹಿಂದಕ್ಕ ತಗಂಡಾಗ ನಾನು ಒಳಗ ಕುಂತು ಖುಷಿ ಪಟ್ಟೆ,” ಎಂದಳು ಸುಮಲತಾ. “ಮಗಳು ಸೊಪ್ಪು ತಿನ್ಲಿ ಅಂತ ಬೀಗರ ಮನ್ಯಾಗ ಅವಮಾನ ಸೈಸ್ಕೊಂಡ್ರು, ಇಂಥಾ ಮನಿಗೆ ಕಣ್ಣು ಮುಚ್ಚಿ ಹೋಗಬೌದು ಅಂದ್ಕೊಂಡೆ. ಅಪ್ಪಗ ಹೇಳಾಕ ಅಂತ ಎದ್ದೂ ನಿಂತಿದ್ದೆ. ಅಷ್ಟರಾಗ ಈ ಕೂಸು ಬಾಗಲಾಗಿಂದ ಒಂದು, ಎರಡು, ಮೂರು ಅಂತ ಎಣಸಾಕ ಹತ್ತಿತು.”

“ಎಂಟು,” ಎಂದಳು ಚಂದನಾ.

“ಆರು ವರ್ಷದ ಕೂಸಿಗೆ ಕೊಟ್ಟ ಮಾತು ಅರ್ಧ ದಿನ ಉಳೀಲಿಲ್ಲ. ನನ್ನ ಕೆಲಸದ ಮಾತು ಎಷ್ಟು ದಿನ ಉಳೀತೈತ್ರಿ? ನನಗ ಈ ಸಂಬಂಧ ಬ್ಯಾಡಪ್ಪ.”

ಬಾಯಿಬಿಟ್ಟು ‘ಬೇಡ’ ಎನ್ನದ ಆ ಮನೆಯಲ್ಲಿ ಮೊದಲ ಬಾರಿಗೆ ಒಬ್ಬರು ಬಾಯಿಬಿಟ್ಟು ಹೇಳಿದ್ದರು. ಗಾದೆಮ್ಮ ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಒಳಗೆ ಹೋದಳು.

ವಾಪಸು ಬಸ್ಸಿನಲ್ಲಿ ಅರುಣ್ ಕುಮಾರ ಅಣ್ಣನಿಂದ ಆರು ಸೀಟು ದೂರ ಕೂತ. ತಿಪ್ಪೇರುದ್ರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಗಂಡುಮಕ್ಕಳನ್ನು ಹೆತ್ತ ಹೊಟ್ಟೆಯನ್ನು ಬೈದುಕೊಂಡಳು. ಕಾಂತೇಶನ ಹೊಟ್ಟೆಯಲ್ಲಿ ಎಂಟು ಮಿರ್ಚಿ ಎಂಟು ದಿಕ್ಕಿಗೆ ಉರಿಯುತ್ತಿದ್ದವು.

“ಸೋತೆ ಬಿಡವ್ವ,” ಎಂದ ಮಗಳಿಗೆ. “ಇನ್ನ ನಿನಗ ಸೊಪ್ಪು ಅನ್ನಂಗಿಲ್ಲ.”

“ಇಲ್ಲಪ್ಪ, ನಾನು ಸೊಪ್ಪು ತಿಂತೀನಿ.”

ಕಾಂತೇಶ ನೆಟ್ಟಗೆ ಕೂತ. “ಖರೇನಾ?”

“ಹೂಂ. ಒಳಗ ಆ ಅಕ್ಕ ರೊಟ್ಟಿಗೆ ಪುಂಡಿಸೊಪ್ಪಿನ ಪಲ್ಲೆ ಹಚ್ಚಿ ಕೊಟ್ಲು. ಎರಡು ರೊಟ್ಟಿ ತಿಂದೆ. ಭಾಳ ಚೊಲೋ ಇತ್ತು.” ಚಂದನಾ ಅವನ ತೋಳಿಗೆ ತಲೆಯಾನಿಸಿ, ಬಸ್ಸೆಲ್ಲ ಕೇಳುವಂತೆ ಹೇಳಿದಳು: “ಅಕಿನ್ನ ನಮ್ಮ ಚಿಕ್ಕಪ್ಪಗ ಲಗ್ನ ಮಾಡಿ ಮನಿಗೆ ಕರ್ಕೊಂಡು ಬಾ. ಅಕಿ ಮಾಡಿದ್ರ ದಿನಾ ತಿಂತೀನಿ. ಬ್ಯಾರೆ ಯಾರು ಮಾಡಿದ್ರೂ ಮುಟ್ಟಂಗಿಲ್ಲ.”

ಆರು ಸೀಟಿನಾಚೆ ಅರುಣ್ ಕುಮಾರ ನಿಧಾನಕ್ಕೆ ಎದ್ದು ನಿಂತು, ಶರ್ಟಿನ ತೋಳು ಮಡಚುತ್ತಾ ಅಣ್ಣನ ಕಡೆ ನಡೆದು ಬಂದ.