ಆರು ತೂತಿನ ಪೈಪು

ಕೈಗೆ ಬರುವ ಕೆಲಸಕ್ಕೆ ಯಾರಾದರೂ ಹೊಗಳಿದರೆ ನನಗೆ ಏನೂ ಅನ್ನಿಸುವುದಿಲ್ಲ. ಬಾರದ ಕೆಲಸಕ್ಕೆ ಯಾರೂ ಹೊಗಳದಿದ್ದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಇದು ಎಲ್ಲರಿಗೂ ಇರುವ ರೋಗವೋ ನನಗೊಬ್ಬನಿಗೇ ಅಂಟಿದ್ದೋ ತಿಳಿಯದು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬಿಟ್ಟೆ ಅನ್ನುವುದೂ ಮರ್ಯಾದೆಯ ಮಾತು, ಮಾಸ್ತರರು ಬಿಡಿಸಿದರು. ಅವತ್ತಿನಿಂದ ಪೈಪು ಹಿಡಿದವನು ಇಲ್ಲಿ ದೋಹಾ ಹತ್ತಿರದ ಮೆಸಯೀದಿನ ವರ್ಕ್‌ಶಾಪಿನಲ್ಲಿ ಹತ್ತು ಜನರ ಮೇಲೆ ಫೋರ್‌ಮನ್ ಆಗುವವರೆಗೂ ಬಿಟ್ಟಿಲ್ಲ. ನೀರು, ಎಣ್ಣೆ, ಉಗಿ, ಗ್ಯಾಸು, ಎಲ್ಲವನ್ನೂ ಪೈಪಿನಲ್ಲಿ ಹರಿಸಿದ್ದೇನೆ, ಒಂದು ಹನಿ ಸೋರಗೊಟ್ಟಿಲ್ಲ. ನನ್ನ ಮಾನ ಸೋರಿದ್ದು ಬರೀ ಬಾಯಿಗಾಳಿ ಹರಿಯುವ ಒಂದು ಪೈಪಿನಲ್ಲಿ.

ಅದಕ್ಕೆ ಕಾರಣ ಕೆವಿನ್. ಐರ್ಲೆಂಡಿನವನು, ನಮ್ಮ ಪ್ಲಾಂಟಿನ ವೆಲ್ಡಿಂಗ್ ಇನ್‌ಸ್ಪೆಕ್ಟರ್. ನಾನು ಕೂಡಿಸಿದ ಎರಡು ಜಾಯಿಂಟುಗಳ ಮೇಲೆ ಒಮ್ಮೆ ಪಾಸಿಲ್ಲ ಎಂದು ಹಳದಿ ಚಾಕಿನಿಂದ ಅಡ್ಡಗೆರೆ ಎಳೆದು ಹೋಗಿದ್ದ. ಅದನ್ನು ನಾನು ಮರೆತಿರಲಿಲ್ಲ, ಅವನು ಮರೆತಿದ್ದ. ಅಧಿಕಾರಿಗಳಿಗೆ ಇದೊಂದು ಅನುಕೂಲ. ಊಟದ ಹೊತ್ತಿನಲ್ಲಿ ತನ್ನ ಕ್ಯಾಬಿನ್ನಿನಲ್ಲಿ ಕೂತು ಗೇಣುದ್ದಕ್ಕಿಂತ ತುಸು ಉದ್ದದ ತಗಡಿನ ಪೀಪಿಯೊಂದನ್ನು ಊದುತ್ತಿದ್ದ. ಅದಕ್ಕೆ ಟಿನ್ ವಿಸಿಲ್ ಅನ್ನುತ್ತಾರಂತೆ. ನಮ್ಮ ಕೊಳಲಿನಂತೆ ಅಡ್ಡ ಹಿಡಿಯುವುದಲ್ಲ, ನೆಟ್ಟಗೆ ಬಾಯಲ್ಲಿಟ್ಟು ಊದುವುದು. ಮೇಲೆ ಆರು ತೂತು, ತುದಿಗೆ ಪ್ಲಾಸ್ಟಿಕ್ಕಿನ ಮೂತಿ. ಆಗಸ್ಟಿನ ಒಂದು ದಿನ ಅದನ್ನು ಕಾರಿನ ಗಾಜಿನ ಕೆಳಗೆ ಮರೆತು ಹೋದ. ಸಂಜೆ ಬಂದು ನೋಡಿದರೆ ಮೂತಿ ಪಾರ್ಶ್ವವಾಯು ಹೊಡೆದವರಂತೆ ಸೊಟ್ಟಗಾಗಿತ್ತು. ಹೊಸಬರು ಈ ಊರಿನ ಬಿಸಿಲಿನೊಂದಿಗೆ ಪರಿಚಯ ಮಾಡಿಕೊಳ್ಳುವ ರೀತಿಯೇ ಅದು. ರಿಪೇರಿ ಆದೀತೇ ಎಂದು ಅದನ್ನು ಹಿಡಿದು ನನ್ನ ಬಳಿಗೇ ಬಂದ. ಆಗದು ಎಂದೆ. ಹಾಗಾದರೆ ಹೊಸದು ಮಾಡಲು ಆದೀತೇ ಎಂದ. ದೊಡ್ಡದು, ಮೊಳಕ್ಕಿಂತ ಉದ್ದದ್ದು, ತಗ್ಗು ದನಿಯದು. ಅವರ ದೇಶದಲ್ಲೂ ಅದನ್ನು ಅಲ್ಯೂಮಿನಿಯಂ ಪೈಪಿನಲ್ಲೇ ಮಾಡುತ್ತಾರಂತೆ. ಅಳತೆ ಬರೆದ ಒಂದು ಚೀಟಿ ಕೊಟ್ಟ. ಹಳದಿ ಚಾಕಿನ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಒಪ್ಪಿಕೊಂಡೆ.

ಮೂರು ಪೈಪು ಕೆಡಿಸಿದೆ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸ್ವರ ಮೇಲಕ್ಕೆ ಹಾರಿಬಿಡುತ್ತದೆ, ಮತ್ತೆ ಇಳಿಸಲು ಬರುವುದಿಲ್ಲ. ಕಬ್ಬಿಣವಾಗಿದ್ದರೆ ವೆಲ್ಡ್ ಹಾಕಿ ಮುಚ್ಚಿ ಇನ್ನೊಮ್ಮೆ ಕೊರೆಯುತ್ತಿದ್ದೆ; ಇಷ್ಟು ತೆಳು ಅಲ್ಯೂಮಿನಿಯಂ ಬೆಂಕಿ ಕಂಡರೆ ಕರಗಿ ಕೂರುತ್ತದೆ. ನಾಲ್ಕನೆಯದಕ್ಕೆ ಊದುವ ತುದಿಗೆ ಟೆಫ್ಲಾನಿನ ಬೂಚು ಕಡೆದು ಕೂಡಿಸಿ, ತೂತುಗಳನ್ನು ಬೇಕೆಂದೇ ಸಣ್ಣದಾಗಿ ಕೊರೆದು, ಊದಿಸಿ ನೋಡುತ್ತ ಅರದಿಂದ ಉಜ್ಜುತ್ತ ಬಂದೆ. ಕೆವಿನ್ ಊದಿದ. ಒದ್ದೆ ಗಾಳಿಯಂಥ ದಪ್ಪ ದನಿ ಹೊರಟಿತು. ಅವನು ನನ್ನ ಕೈಗಳನ್ನೇ ನೋಡಿದ. ಅಷ್ಟು ಸಾಕಿತ್ತು. ಅಷ್ಟಕ್ಕೇ ನಿಲ್ಲಿಸುವ ಬುದ್ಧಿ ನನಗಿರಬೇಕಿತ್ತು. ನಾನು ಐದನೆಯದನ್ನು ಮಾಡಿದೆ, ನನಗೆ.

ಈ ದೊಡ್ಡ ಪೀಪಿಯ ತೂತುಗಳು ದೂರದೂರ ಇರುತ್ತವೆ. ಬೆರಳ ತುದಿಯಿಂದ ಮುಚ್ಚಲಾಗುವುದಿಲ್ಲ. ಬೆರಳು ಚಪ್ಪಟೆ ಮಾಡಿ ನಡುಭಾಗದಿಂದ ಮುಚ್ಚಬೇಕು. ರೆಂಚು ಹಿಡಿದು ಬದನೆಕಾಯಿಯಂತಾಗಿದ್ದ ನನ್ನ ಬೆರಳುಗಳಿಗೆ ಹೇಳಿ ಮಾಡಿಸಿದ ಕೆಲಸ. ಕೆವಿನ್ ಊಟದ ಹೊತ್ತಿನಲ್ಲಿ ಒಂದು ಕುಣಿತದ ಗತ್ತು, ಮಾತಿಲ್ಲದ ಬರೀ ಮಟ್ಟು, ಕಲಿಸಿದ. ಅವರಲ್ಲಿ ಕಾಗದ ನೋಡಿ ಕಲಿಯುವುದಿಲ್ಲ, ಕಿವಿಯಿಂದ ಕಲಿಯುವುದು. ಓದು ಬಿಟ್ಟವನಿಗೆ ಇದಕ್ಕಿಂತ ಗೌರವದ ವಿದ್ಯೆ ಬೇರೆ ಇದೆಯೇ? ಸ್ವರ ಸ್ವರದ ನಡುವೆ ಬೆರಳನ್ನು ಚಿಮ್ಮಿ ಕಡಿಯುವುದೊಂದಿದೆ, ಅದಕ್ಕೇ ಒಂದು ತಿಂಗಳು ಹಿಡಿಯಿತು. ರೂಮಿನಲ್ಲಿ ಜೊತೆಗಿದ್ದ ಉಪ್ಪಿನಂಗಡಿಯ ಹಮೀದ್, ನಮ್ಮ ಸ್ಟೋರ್‌ಕೀಪರ್, ತಲೆಯ ಮೇಲೆ ದಿಂಬು ಒತ್ತಿಕೊಂಡು ಮಲಗುತ್ತಿದ್ದ.

"ಮಲ್ಲಪ್ಪಣ್ಣ, ಎಷ್ಟು ಸೀಟಿ ಆದ ಮೇಲೆ ಇಳಿಸುವುದು ಮಾರಾಯ್ರೆ? ಬೇಳೆ ಆಗಲೇ ಬೆಂದಿದೆ ಅಲ್ವಾ?"

"ನೀ ಮೊದ್ಲ ಕಿವಿ ತೊಳಕೊಂಡ ಬಾ ತಮ್ಮಾ."

ಎರಡು ತಿಂಗಳಿಗೆ ಗತ್ತು ಕೈಗೆ ಕೂತಿತು. ಒಂದು ಶುಕ್ರವಾರ ಮಧ್ಯಾಹ್ನ ಕೆವಿನ್ ದೋಹಾದ ತನ್ನ ವಿಲ್ಲಾಕ್ಕೆ ಕರೆದ. ಅವರ ಕಡೆಯವರು ಸೇರಿ ನುಡಿಸುತ್ತಾರೆ, ಪೈಪು ತಾ ಎಂದ. ಮದುವೆಗೆ ಹೊಲಿಸಿದ್ದ ಪ್ಯಾಂಟು ತೊಟ್ಟು ಹೊರಟು, ದಾರಿಯಲ್ಲಿ ಅಲ್ ಮುಂತಜಾ ಬಡಾವಣೆಯ ಕಟಿಂಗ್ ಅಂಗಡಿಯಲ್ಲಿ ಗಡ್ಡ ಬೋಳಿಸಿಕೊಂಡೆ. ಹಮೀದ್ ಕಂಪನಿಯ ಪಿಕಪ್ಪಿನಲ್ಲಿ ಕರೆತಂದು ಹೊರಗೇ ಕಾದ. ನನಗೆ ಬೇಕಾಗಿದ್ದು ಇಷ್ಟೇ: ಆ ಜನ ಒಂದು ಸಲ ನನ್ನತ್ತ ತಿರುಗಿ, ನೀನೊಂದು ನುಡಿಸು ಅನ್ನಬೇಕು. ಪೈಪು ಮಾಡಿದವನೆಂದಲ್ಲ, ನುಡಿಸುವವನೆಂದು.

ಏಳು ಜನ ವೃತ್ತವಾಗಿ ಕೂತಿದ್ದರು. ಪಿಟೀಲು ಹಿಡಿದ ಒಬ್ಬ ನರ್ಸಮ್ಮ, ನಮ್ಮ ಹಲಗೆಯಂಥ ಚರ್ಮವಾದ್ಯವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡ ಒಬ್ಬ ಮಾಸ್ತರ, ಉಳಿದವರೆಲ್ಲ ತಗಡಿನ ಪೀಪಿ. ಒಬ್ಬರು ಗತ್ತು ಎತ್ತಿದರೆ ಬಲ್ಲವರು ಕೂಡಿಕೊಳ್ಳುತ್ತಾರೆ. ಮುಗಿದ ಮೇಲೆ ಪಕ್ಕದವರ ಸರದಿ. ಸರದಿ ನನ್ನ ಎಡಗಡೆಯವರೆಗೆ ಬಂತು. ನಾನು ಪೈಪನ್ನು ಪ್ಯಾಂಟಿಗೆ ಒರೆಸಿ ತುಟಿ ಹಸಿ ಮಾಡಿಕೊಂಡೆ. ಕೆವಿನ್ ನನ್ನತ್ತ ಕೈ ತೋರಿಸಿ, ಈ ಎರಡೂ ಪೈಪು ಮಾಡಿದ್ದು ಇವರೇ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರ ಬೂಚು ಮುಟ್ಟಿ ನೋಡಿ ಭೇಷ್ ಎಂಬಂತೆ ತಲೆಯಾಡಿಸಿದ. ಆಮೇಲೆ ಕೆವಿನ್ ನನ್ನ ಬಲಗಡೆಯವಳಿಗೆ ಕಣ್ಣಲ್ಲೇ ಹೇಳಿದ, ಅವಳು ಶುರು ಮಾಡಿದಳು. ಬಸ್ಸು ನಮ್ಮೂರ ಸ್ಟಾಪಿನಲ್ಲಿ ನಿಲ್ಲದೆ ಹೋದಂತೆ ಸರದಿ ನನ್ನನ್ನು ದಾಟಿ ಹೋಯಿತು.

ನನ್ನ ತಲೆ ಕಾದುಹೋಗಿತ್ತು. ಅಷ್ಟರಲ್ಲಿ ಕೆವಿನ್ ನಾನು ಮಾಡಿಕೊಟ್ಟ ಪೈಪಿನಲ್ಲಿ ಒಂದು ನಿಧಾನದ ರಾಗ ಎತ್ತಿದ. ಅದಕ್ಕೆ ತಾಳವಿಲ್ಲ, ಒಬ್ಬರು ಅತ್ತಂತೆ ಇತ್ತು. ಉಳಿದವರು ವಾದ್ಯಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತರು. ಗಜೇಂದ್ರಗಡದ ಕಡೆಯ ನಮ್ಮೂರಿನ ಸೋಮವಾರದ ಭಜನೆಯಲ್ಲಿ ಮುಂದಿನವನು ಒಂದು ಸಾಲು ಹೇಳಿ ಬಿಟ್ಟರೆ ಹಿಂದಿನವರು ಎತ್ತಿಕೊಳ್ಳಲೇಬೇಕು. ಎತ್ತಿಕೊಳ್ಳದಿದ್ದರೆ ಹಾಡುವವನಿಗೆ ಅವಮಾನ. ಇಷ್ಟೂ ಜನ ಇವನ ಕೈ ಬಿಟ್ಟು ಕೂತಿದ್ದಾರಲ್ಲ, ಕಲಿಸಿದವನ ಮಾನ ನಾನಾದರೂ ಕಾಯಬೇಕು ಅನ್ನಿಸಿತು. ಅದು ಪೂರ್ತಿ ನಿಜವಲ್ಲ. ನಾನಿದ್ದೇನೆ ಎಂದು ತೋರಿಸಬೇಕೂ ಅನ್ನಿಸಿತು. ಅವನು ಉಸಿರಿಗೆ ನಿಂತ ಕಡೆ, ಅವನ ಸಾಲನ್ನೇ ಹಿಡಿದು ಜೋರಾಗಿ ಊದಿದೆ. ಅವನು ಮುಂದಿನ ಸಾಲು ನುಡಿಸಿದ, ನಾನು ಅದನ್ನೂ ಊದಿದೆ. ಮೂರನೆಯದಕ್ಕೆ ನರ್ಸಮ್ಮ ನನ್ನ ಮೊಣಕಾಲು ಮುಟ್ಟಿ, ತನ್ನ ತುಟಿಯ ಮೇಲೆ ಬೆರಳಿಟ್ಟಳು. ಮೀಸೆ ಹಣ್ಣಾಗುತ್ತಿರುವ ಗಂಡಸಿಗೆ, ಕೂಸಿಗೆ ಹೇಳುವಂತೆ.

ರಾಗ ಮುಗಿಯುವ ಮೊದಲೇ ಎದ್ದೆ. ಬಾಗಿಲಲ್ಲಿ ಬೂಟಿನ ಲೇಸು ಕಟ್ಟಲೂ ಇಲ್ಲ. ಹಮೀದ್ ಪಿಕಪ್ಪಿನಲ್ಲೇ ನಿದ್ದೆ ಹೊಡೆಯುತ್ತಿದ್ದ.

"ಇಷ್ಟು ಬೇಗ ಖಲಾಸಾ? ಬಿರಿಯಾನಿ ಆದರೂ ಕೊಟ್ರಾ?"

"ಯಲ್ಲಾ, ಗಾಡಿ ತಗಿ" ಎಂದೆ. ಮೆಸಯೀದಿನವರೆಗೂ ಅವನು ಸೀಟಿಯ ತಮಾಷೆ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಶನಿವಾರ ಬೆಳಿಗ್ಗೆ ಕೆವಿನ್ ವರ್ಕ್‌ಶಾಪಿಗೆ ಬಂದ. ಆ ಬಗೆಯ ರಾಗವನ್ನು ಒಬ್ಬರೇ ನುಡಿಸಬೇಕು, ಉಳಿದವರು ಕೇಳುವುದೇ ಅದಕ್ಕೆ ಮರ್ಯಾದೆ, ಮೊದಲೇ ಹೇಳದಿದ್ದದ್ದು ತನ್ನ ತಪ್ಪು ಎಂದ. ನಾನು ವೈಸಿಗೆ ಪೈಪು ಬಿಗಿಯುತ್ತಲೇ ಇದ್ದೆ. ಹೊರಡುವ ಮುಂಚೆ ಅವನು ಮೆಲ್ಲಗೆ ಹೇಳಿದ:

"ಹೊಸದಾಗಿ ಬಂದವರಿಗೆ ನಾವು ಕೊನೆಯ ಸರದಿಯನ್ನು ಇಟ್ಟಿರುತ್ತೇವೆ, ಮಲ್ಲಪ್ಪ. ಅದಕ್ಕೇ ನಿನ್ನ ಸರದಿ ದಾಟಿಸಿದ್ದು. ನಿನ್ನ ಗತ್ತು ಎಲ್ಲರಿಗೂ ಗೊತ್ತಿತ್ತು, ಕೂಡಿಕೊಳ್ಳಲು ಕಾಯುತ್ತಿದ್ದರು."

ಆಗ ಏನಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಪುರುಸೊತ್ತಿಲ್ಲ ಎನ್ನುವ, ಅರಬ್ಬಿ ಬೆರೆತ ಸೈಟಿನ ಇಂಗ್ಲಿಷು: "ವರ್ಕ್ ಸಾರ್. ಮಾಫಿ ಟೈಮ್."

ಮುಂದಿನ ತಿಂಗಳು ಕರೆದ, ಓವರ್‌ಟೈಮ್ ಇದೆ ಎಂದೆ. ಅವತ್ತು ಓವರ್‌ಟೈಮ್ ಇರಲಿಲ್ಲ; ಮಂಚದ ಮೇಲೆ ಕೂತು ಪೈಪಿನ ತೂತುಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಅದರ ಮುಂದಿನ ತಿಂಗಳೂ ಕರೆದ, ಜ್ವರ ಎಂದೆ. ಮೂರನೆಯ ತಿಂಗಳು ಅವನು ಕರೆಯಲಿಲ್ಲ. ಮೊದಲಿನ ಎರಡು ಸಲ ಕರೆದದ್ದನ್ನು ನಾನು ಯಾರಿಗೂ ಹೇಳಿಲ್ಲ. ಮೂರನೆಯ ಸಲ ಕರೆಯಲಿಲ್ಲವೆಂಬುದನ್ನು ಮಾತ್ರ ಮೆಸಯೀದಿನ ಕನ್ನಡಿಗರಿಗೆಲ್ಲ ಹೇಳಿ ಮುಗಿಸಿದ್ದೇನೆ.